ಎಡಗಾಲಿಗೊಂದು ಜಾಗ ಕೊಡಿ

ಬೆಂಗಳೂರಿನ ಗೊರಗುಂಟೆಪಾಳ್ಯ ದಾಟಿ ಕಾರು ನೆಲಮಂಗಲದ ಕಡೆ ಹೊರಟಿದೆ ಎಂದುಕೊಳ್ಳಿ. ಗೇರು ಒಂದರಿಂದ ಐದಕ್ಕೆ ಬಂದಾಯಿತು. ರಸ್ತೆ ಖಾಲಿಯಿದ್ದರೆ ಇನ್ನು ಸ್ವಲ್ಪ ಹೊತ್ತು ಗೇರು ಬದಲಿಸುವ ಪ್ರಮೇಯವಿಲ್ಲ. ಬಲಗಾಲಿಗೆ ಆಕ್ಸಿಲರೇಟರ್ ಇದೆ, ಕೈಗಳಿಗೆ ಸ್ಟಿಯರಿಂಗ್ ಇದೆ. ಎಡಗಾಲು ಎಲ್ಲಿದೆ? ಥಟ್ಟನೆ ಹೀಗೆ ಕೇಳಿದರೆ ಎಷ್ಟೋ ಮಂದಿ ಚಾಲಕರಿಗೆ ಉತ್ತರ ಹೊಳೆಯುವುದಿಲ್ಲ. ಬಹಳಷ್ಟು ಸಲ ಆ ಕಾಲು ಕ್ಲಚ್ ಪೆಡಲ್ ಮೇಲೆಯೇ ಇರುತ್ತದೆ, ಒತ್ತಿಯೂ ಒತ್ತದ ಹಾಗೆ.

‘ಒತ್ತಿಲ್ಲವಲ್ಲ, ಸುಮ್ಮನೆ ಇಟ್ಟಿದ್ದೇನೆ ಅಷ್ಟೆ’ ಎನ್ನುವುದು ಎಲ್ಲರೂ ಹೇಳಿಕೊಳ್ಳುವ ಸಮಾಧಾನ. ಆದರೆ ಕಾಲಿಗೂ ತೂಕವಿದೆ. ಮಂಡಿಯಿಂದ ಕೆಳಗಿನ ಭಾಗ, ಪಾದವೂ ಸೇರಿದರೆ, ದೇಹದ ತೂಕದ ಸುಮಾರು ಶೇ 6ರಷ್ಟಾಗುತ್ತದೆ. 70 ಕೆಜಿ ತೂಗುವವರಿಗೆ ಅದು 4 ಕೆಜಿಗೂ ಹೆಚ್ಚು. ಹಿಮ್ಮಡಿ ನೆಲಕ್ಕೂರಿದ್ದರೆ ಬಹುಪಾಲು ಭಾರವನ್ನು ನೆಲವೇ ಹೊರುತ್ತದೆ. ಹಿಮ್ಮಡಿ ಎತ್ತಿ ಪಾದವನ್ನು ಪೆಡಲ್‌ಗೆ ಆನಿಸಿದರೆ ಒಂದು ಪಾಲು ಪೆಡಲ್‌ಗೆ ಹೋಗುತ್ತದೆ. ರೋಡ್ ಹಂಪ್ ಬಂದು ಕಾರು ಕುಲುಕಿದಾಗ ಇನ್ನೊಂದಿಷ್ಟು ಸೇರುತ್ತದೆ. ಪೆಡಲ್ ಎಂಬುದು ಒಂದು ಸನ್ನೆಕೋಲು. ಪಾದದ ಬಲವನ್ನು ಹಲವು ಪಟ್ಟು ಹೆಚ್ಚಿಸಿ ಒಳಕ್ಕೆ ಕಳಿಸುವುದೇ ಅದರ ಕೆಲಸ. ಬಲ ಬೇಕೆಂದು ಬಂತೋ ಮರೆವಿನಿಂದ ಬಂತೋ ಅದಕ್ಕೆ ತಿಳಿಯದು.

ಒಳಗೆ ನಡೆಯುವುದಿಷ್ಟು. ಎಂಜಿನ್ನಿನ ತುದಿಯಲ್ಲಿ ತಿರುಗುವ ಭಾರವಾದ ಚಕ್ರ ಫ್ಲೈವೀಲ್. ಅದರ ಮೈಗೆ ಕ್ಲಚ್ ಪ್ಲೇಟನ್ನು ಪ್ರೆಶರ್ ಪ್ಲೇಟ್ ಬಿಗಿಯಾಗಿ ಅದುಮಿ ಹಿಡಿದಿರುತ್ತದೆ. ಅದುಮುವ ಬಲ ತಟ್ಟೆಯಾಕಾರದ ಡಯಾಫ್ರಾಮ್ ಸ್ಪ್ರಿಂಗಿನದು. ಪೆಡಲ್ ತುಳಿದಾಗ ಕೇಬಲ್ ಅಥವಾ ಹೈಡ್ರಾಲಿಕ್ ಎಣ್ಣೆಯ ಒತ್ತಡ ರಿಲೀಸ್ ಬೇರಿಂಗನ್ನು ಮುಂದೆ ತಳ್ಳುತ್ತದೆ. ಆ ಬೇರಿಂಗ್ ಸ್ಪ್ರಿಂಗಿನ ಬೆರಳುಗಳನ್ನು ಒತ್ತುತ್ತದೆ. ಹಿಡಿತ ಸಡಿಲವಾಗಿ ಎಂಜಿನ್ ಮತ್ತು ಗೇರ್‌ಬಾಕ್ಸಿನ ಸಂಬಂಧ ಕಡಿಯುತ್ತದೆ. ಗೇರು ಬದಲಿಸಿ ಕಾಲು ತೆಗೆದರೆ ಮತ್ತೆ ಬಿಗಿ ಹಿಡಿತ.

ಪೆಡಲ್ ಮೇಲೆ ಸದಾ ಕಾಲಿಟ್ಟರೆ ಎರಡು ಕಡೆ ಪೆಟ್ಟು ಬೀಳುತ್ತದೆ. ಮೊದಲನೆಯದು ರಿಲೀಸ್ ಬೇರಿಂಗಿಗೆ. ಗೇರು ಬದಲಿಸುವ ಒಂದೆರಡು ಸೆಕೆಂಡು ಭಾರ ಹೊತ್ತು ಉಳಿದ ಹೊತ್ತು ಹಗುರಾಗಿರಬೇಕಾದ ಬೇರಿಂಗ್ ಬೆಂಗಳೂರಿನಿಂದ ಹುಬ್ಬಳ್ಳಿವರೆಗೂ ಭಾರ ಹೊತ್ತೇ ತಿರುಗುತ್ತದೆ. ಎರಡನೆಯದು ಪ್ಲೇಟಿಗೆ. ಸ್ಪ್ರಿಂಗಿನ ಬಲ ತುಸು ತಗ್ಗಿದರೂ ಸಾಕು, ಏರಿನಲ್ಲಿ, ದೊಡ್ಡ ಗೇರಿನಲ್ಲಿ, ತುಂಬಿದ ಕಾರಿನಲ್ಲಿ ಪ್ಲೇಟು ಜಾರತೊಡಗುತ್ತದೆ. ಹಿಟ್ಟಿನ ಗಿರಣಿಯ ಬೆಲ್ಟು ಸಡಿಲಾದಾಗ ಮೋಟಾರು ಭರ್ರೆಂದು ತಿರುಗಿದರೂ ಕಲ್ಲು ನಿಧಾನವಾಗಿ, ಸುಟ್ಟ ವಾಸನೆ ಏಳುತ್ತದಲ್ಲ, ಇಲ್ಲಿಯೂ ಅದೇ. ಜಾರಿದಾಗ ಬಿಸಿ, ಬಿಸಿಯಿಂದ ಪ್ಲೇಟಿಗೆ ಹೊದಿಸಿದ ಲೈನಿಂಗ್ ಹೊಳಪುಗಟ್ಟುತ್ತದೆ, ಹೊಳಪುಗಟ್ಟಿದ ಲೈನಿಂಗ್ ಮತ್ತಷ್ಟು ಜಾರುತ್ತದೆ. ಸವೆತ ಮುಂದುವರಿದರೆ ಲೈನಿಂಗ್ ಹಿಡಿದಿರುವ ರಿವೆಟ್‌ಗಳು ಮೇಲೆದ್ದು ಫ್ಲೈವೀಲಿನ ಮೈಯನ್ನೇ ಗೀರುತ್ತವೆ. ಅಲ್ಲಿಗೆ ಖರ್ಚು ಇನ್ನೊಂದು ಮೆಟ್ಟಿಲು ಏರಿದಂತೆ.

ಮಾರುತಿ 800ರಂಥ ಕೇಬಲ್ ಕ್ಲಚ್ಚಿನ ಕಾರುಗಳಲ್ಲಿ ಪೆಡಲ್‌ಗೆ ಸ್ವಲ್ಪ ಸಡಿಲ ಓಟ ಬಿಟ್ಟಿರುತ್ತಾರೆ. ಮೆಕ್ಯಾನಿಕ್‌ಗಳು ಅದನ್ನು ಫ್ರೀ ಪ್ಲೇ ಎನ್ನುತ್ತಾರೆ. ಮೊದಲ ಒಂದೆರಡು ಸೆಂಟಿಮೀಟರು ಪೆಡಲ್ ಒಳಹೋದರೂ ಬೇರಿಂಗಿಗೆ ಏನೂ ತಟ್ಟುವುದಿಲ್ಲ. ಆದರೆ ಕಾಲಿನ ಭಾರ ಮೊದಲು ನುಂಗುವುದೇ ಈ ಸಡಿಲವನ್ನು. ಪ್ಲೇಟು ಸವೆಯುತ್ತ ಬಂದಂತೆ ಈ ಓಟ ತಾನಾಗಿಯೂ ಕಡಿಮೆಯಾಗುತ್ತದೆ, ಸರ್ವಿಸಿನಲ್ಲಿ ಕೇಬಲ್ ಸರಿಮಾಡಿಸದಿದ್ದರೆ ಕೊನೆಗೆ ಇಲ್ಲವಾಗುತ್ತದೆ. ಹೈಡ್ರಾಲಿಕ್ ಕ್ಲಚ್ಚಿನ ಕಾರುಗಳಲ್ಲಿ ಬೇರಿಂಗ್ ಸಾಮಾನ್ಯವಾಗಿ ಸ್ಪ್ರಿಂಗಿಗೆ ಹಗುರವಾಗಿ ತಾಗಿಕೊಂಡೇ ತಿರುಗುತ್ತಿರುತ್ತದೆ. ಅದಕ್ಕೆಂದೇ ಅದನ್ನು ಮಾಡಿರುತ್ತಾರೆ. ಅಲ್ಲಿ ಪೆಡಲ್ ಮೇಲಿನ ಭಾರ ಹೆಚ್ಚು ದೂರ ಹೋಗದೆ ಬೇರಿಂಗ್ ಮುಟ್ಟುತ್ತದೆ. ಪೆಡಲ್ ಮೃದುವಾಗಿರುವುದರಿಂದ ಕಾಲು ಒತ್ತುತ್ತಿದೆ ಎಂಬುದೂ ಚಾಲಕನಿಗೆ ತಿಳಿಯುವುದಿಲ್ಲ.

ಕ್ಲಚ್ ಇಷ್ಟೇ ಕಿಲೋಮೀಟರ್ ಬರುತ್ತದೆ ಎಂದು ಯಾವ ಗ್ಯಾರೇಜಿನವರೂ ಬರೆದುಕೊಡುವುದಿಲ್ಲ. ಅದೇ ಮಾದರಿಯ ಕಾರು ಒಬ್ಬರ ಕೈಯಲ್ಲಿ 1 ಲಕ್ಷ ಕಿ.ಮೀ. ದಾಟಿರುತ್ತದೆ, ಇನ್ನೊಬ್ಬರ ಕೈಯಲ್ಲಿ 30 ಸಾವಿರಕ್ಕೇ ಪ್ಲೇಟು ಹೋಗಿರುತ್ತದೆ. ವ್ಯತ್ಯಾಸ ಕಾರಿನಲ್ಲಿರುವುದು ಅಪರೂಪ, ಕಾಲಿನಲ್ಲಿರುವುದೇ ಹೆಚ್ಚು. ಆದ್ದರಿಂದಲೇ ಕಂಪನಿಗಳು ಕ್ಲಚ್ಚನ್ನು ಬ್ರೇಕ್ ಪ್ಯಾಡಿನ ಸಾಲಿಗೆ ಸೇರಿಸಿ, ಸವೆಯುವ ಭಾಗವೆಂದು ಸಾಮಾನ್ಯವಾಗಿ ವಾರಂಟಿಯಿಂದ ಹೊರಗಿಡುತ್ತವೆ. ರಿಲೀಸ್ ಬೇರಿಂಗ್ ಒಂದೇ ಹಾಳಾಗಿದ್ದರೂ ಅದನ್ನು ಮುಟ್ಟಬೇಕಾದರೆ ಗೇರ್‌ಬಾಕ್ಸ್ ಇಳಿಸಲೇಬೇಕು. ಬೇರಿಂಗಿನ ಬೆಲೆಗಿಂತ ಕೂಲಿ ದೊಡ್ಡದು. ಮತ್ತೊಮ್ಮೆ ಇಳಿಸುವುದು ಬೇಡವೆಂದು ಪ್ಲೇಟು, ಪ್ರೆಶರ್ ಪ್ಲೇಟು, ಬೇರಿಂಗ್ ಮೂರನ್ನೂ ಒಟ್ಟಿಗೆ ಹಾಕಿಸಿ ಎಂದು ಮೆಕ್ಯಾನಿಕ್ ಹೇಳುವುದು ನ್ಯಾಯವಾದ ಸಲಹೆಯೇ.

ಹಿಂದೊಮ್ಮೆ ಎಡಗಾಲಿಗೆ ಇನ್ನೊಂದು ಕೆಲಸವೂ ಇತ್ತು. ಹಳೆಯ ಅಂಬಾಸಿಡರ್ ಕಾರು, ಲಾರಿಗಳಲ್ಲಿ ಹೆಡ್‌ಲೈಟಿನ ಡಿಪ್ಪರ್ ಸ್ವಿಚ್ಚು ಕ್ಲಚ್ಚಿನ ಪಕ್ಕದ ನೆಲದಲ್ಲಿರುತ್ತಿತ್ತು. ರಾತ್ರಿ ಎದುರಿನಿಂದ ಗಾಡಿ ಬಂದರೆ ಎಡಗಾಲಿನಿಂದ ಅದನ್ನು ಒತ್ತಿ ಬೆಳಕು ತಗ್ಗಿಸುತ್ತಿದ್ದರು. ಕೇಂದ್ರ ಮೋಟಾರು ವಾಹನ ನಿಯಮಗಳು ಬಂದದ್ದು 1989ರಲ್ಲಿ. ಅವುಗಳ ಚಾಲನಾ ತರಬೇತಿ ಪಠ್ಯದಲ್ಲಿ ಕಾಲಿನ ನಿಯಂತ್ರಣಗಳ ಪಟ್ಟಿಯಲ್ಲಿ ಬ್ರೇಕ್, ಆಕ್ಸಿಲರೇಟರ್, ಕ್ಲಚ್ ಜೊತೆಗೆ ಡಿಪ್ಪರ್ ಕೂಡ ಇದೆ, ಈಗಿನ ವಾಹನಗಳಲ್ಲಿ ಇಲ್ಲವೆಂಬ ಟಿಪ್ಪಣಿಯೊಂದಿಗೆ. ಡಿಪ್ಪರ್ ಸ್ಟಿಯರಿಂಗಿನ ಪಕ್ಕದ ಕಡ್ಡಿಗೆ ಬಂದ ಮೇಲೆ ಎಡಗಾಲು ಕ್ಲಚ್ ಪಕ್ಕಕ್ಕೆ ಸರಿಯಲು ಇದ್ದ ಒಂದು ಕಾರಣವೂ ಹೋಯಿತು.

ಕಾಲಿಡಲೆಂದೇ ಕ್ಲಚ್ಚಿನ ಎಡಕ್ಕೆ ಓರೆಯಾಗಿ ಕೂರಿಸಿದ ತಟ್ಟೆಯೇ ಡೆಡ್ ಪೆಡಲ್. ಸಣ್ಣ ಕಾರುಗಳಲ್ಲಿ ಅದು ಕಾಣದಿರಲು ಉಳಿತಾಯವೊಂದೇ ಕಾರಣವಲ್ಲ, ಜಾಗದ ಲೆಕ್ಕಾಚಾರವೂ ಇದೆ. ಕ್ಲಚ್ ಎಡಕ್ಕೆ, ಬ್ರೇಕ್ ನಡುವೆ, ಆಕ್ಸಿಲರೇಟರ್ ಬಲಕ್ಕೆ ಎಂಬ ಕ್ರಮ ಜಗತ್ತಿನೆಲ್ಲೆಡೆ ಒಂದೇ. ಅಮೆರಿಕ, ಜರ್ಮನಿಗಳಲ್ಲಿ ಚಾಲಕ ಕಾರಿನ ಎಡಬದಿಗೆ ಕೂರುವುದರಿಂದ ಮುಂಚಕ್ರದ ಕಮಾನು ಅವನ ಎಡಪಾದದ ಪಕ್ಕಕ್ಕೇ ಬರುತ್ತದೆ. ಅದರ ಇಳಿಜಾರೇ ಪಾದಕ್ಕೆ ಒರಗು. ಭಾರತ, ಬ್ರಿಟನ್, ಜಪಾನಿನಲ್ಲಿ ಚಾಲಕ ಬಲಬದಿಯವನು. ಕಮಾನು ಅವನ ಬಲಗಾಲಿನ ಕಡೆ ಒಳಚಾಚಿ ಮೂರೂ ಪೆಡಲ್‌ಗಳನ್ನು ಎಡಕ್ಕೆ ದೂಡುತ್ತದೆ, ಎಡಗಡೆಯಲ್ಲಿ ಕನ್ಸೋಲಿನ ಗೋಡೆ ಅಡ್ಡ ನಿಲ್ಲುತ್ತದೆ. ಈ ಎರಡರ ನಡುವೆ ಉಳಿದ ಕಿರಿದಾದ ಜಾಗದಲ್ಲಿ ಒಂದು ಪಾದ ಹಿಡಿಸಬೇಕು. ಮಾರುತಿ 800, ಓಮ್ನಿಗಳಲ್ಲಿ ಅಷ್ಟೂ ಸಿಗುತ್ತಿರಲಿಲ್ಲ. ಮುಂದೆ ಎಂಜಿನ್ ಇರುವ ಬಸ್ಸು, ಲಾರಿಗಳಲ್ಲಿ ಚಾಲಕನ ಎಡಕ್ಕೆ ಬಾನೆಟ್ಟೇ ಕೂತಿರುತ್ತದೆ. ಬೇಸಿಗೆಯಲ್ಲಿ ಅದರ ಕಾವು ಕಾಲಿಗೆ ಬಡಿಯುತ್ತಲೇ ಇರುತ್ತದೆ.

ಡೆಡ್ ಪೆಡಲ್ ಇರುವ ಕಾರಿನಲ್ಲಿ ಮಾಡಬೇಕಾದದ್ದು ಸುಲಭ. ಗೇರು ಬಿದ್ದ ಮೇಲೆ ಕ್ಲಚ್ಚನ್ನು ಪೂರ್ತಿ ಬಿಟ್ಟು, ಪಾದವನ್ನು ಎತ್ತಿ ಎಡಕ್ಕಿಟ್ಟು, ಅಂಗಾಲು ಪೂರ್ತಿ ಆನುವಂತೆ ನೋಡಿಕೊಳ್ಳುವುದು. ಎತ್ತಿ ಇಡಬೇಕು, ಜಾರಿಸಬಾರದು. ಜಾರಿಸಿದರೆ ಶೂಸಿನ ಅಂಚು ಪೆಡಲ್‌ಗೆ ಸಿಕ್ಕಿಕೊಳ್ಳಬಹುದು.

ಇಲ್ಲದ ಕಾರಿನಲ್ಲಿ? ಕ್ಲಚ್ಚಿನ ಎಡಕ್ಕೆ ಪಾದ ಹಿಡಿಸುವಷ್ಟು ಜಾಗವಿದ್ದರೆ ಹಿಮ್ಮಡಿ ನೆಲಕ್ಕೂರಿ ಅಲ್ಲೇ ಇಡಿ. ಅಷ್ಟೂ ಇಲ್ಲದಿದ್ದರೆ ಪಾದವನ್ನು ಹಿಂದಕ್ಕೆಳೆದು, ಪೆಡಲ್‌ಗಳಿಗಿಂತ ಈಚೆಗೆ, ಸೀಟಿನ ಮುಂದಿನ ನೆಲದ ಮೇಲೆ ಚಪ್ಪಟೆಯಾಗಿ ಊರಿ. ಪೆಡಲ್ ಕೆಳಗೆ ಮಾತ್ರ ತೂರಿಸಬೇಡಿ. ಅವಸರಕ್ಕೆ ಕ್ಲಚ್ ಬೇಕಾದಾಗ ಪಾದ ಮೇಲೆದ್ದು ಪೆಡಲಿನ ಅಡಿಗೆ ಬಡಿಯುತ್ತದೆ, ಒತ್ತಲು ಆಗುವುದಿಲ್ಲ. ಹೆದ್ದಾರಿಯಲ್ಲಿ ಕೆಲವರು ಎಡಗಾಲನ್ನು ಮಡಚಿ ಸೀಟಿನ ಮೇಲಿಟ್ಟುಕೊಳ್ಳುತ್ತಾರೆ. ಇದು ಎಲ್ಲಕ್ಕಿಂತ ಅಪಾಯದ ಅಭ್ಯಾಸ. ಆ ಕಾಲು ಕೆಳಗಿಳಿದು ಪೆಡಲ್ ಹುಡುಕುವಷ್ಟರಲ್ಲಿ ಕಾರು ಬಹಳ ಮುಂದೆ ಹೋಗಿರುತ್ತದೆ, ಅಪಘಾತವಾದರೆ ಸೊಂಟವೂ ಮಂಡಿಯೂ ತಪ್ಪು ಭಂಗಿಯಲ್ಲಿ ಪೆಟ್ಟು ತಿನ್ನುತ್ತವೆ.

ಸೀಟು ತಪ್ಪಾಗಿದ್ದರೆ ಕಾಲಿಡುವ ಯಾವ ಉಪಾಯವೂ ನಿಲ್ಲುವುದಿಲ್ಲ. ಕ್ಲಚ್ಚನ್ನು ತಳಮುಟ್ಟ ಒತ್ತಿದಾಗ ಎಡಮಂಡಿ ಸ್ವಲ್ಪ ಬಾಗಿಯೇ ಇರಬೇಕು. ಕಾಲು ನೆಟ್ಟಗೆ ಚಾಚಿಕೊಂಡರೆ ಸೀಟು ಹಿಂದಿದೆ ಎಂದರ್ಥ, ಮಂಡಿ ಸ್ಟಿಯರಿಂಗಿಗೆ ತಗಲುವಂತಿದ್ದರೆ ತೀರ ಮುಂದಿದೆ. ಸೀಟು ಹಿಂದಿರುವವರ ಪಾದ ಪೆಡಲ್ ಬಿಟ್ಟು ಬರಲು ಹಿಂಜರಿಯುತ್ತದೆ, ಏಕೆಂದರೆ ಪ್ರತಿ ಸಲ ಅದನ್ನು ಮತ್ತೆ ಮುಟ್ಟಲು ಸೊಂಟ ಜಾರಿಸಬೇಕಾಗುತ್ತದೆ. ಕ್ಲಚ್ ಮೇಲೆ ಕಾಲಿಡುವ ರೂಢಿಗೆ ಎಷ್ಟೋ ಜನರಲ್ಲಿ ಇದೇ ಮೂಲ. ಕುಳ್ಳಗಿನವರು ಸೀಟನ್ನು ಮುಂದೆಳೆದು, ಎತ್ತರಿಸುವ ಸೌಲಭ್ಯವಿದ್ದರೆ ಎತ್ತರಿಸಿ, ಆಮೇಲೆ ಬೆನ್ನೊರಗು ಸರಿಮಾಡಿಕೊಳ್ಳಬೇಕು. ಈ ಕ್ರಮದಲ್ಲಿ ಮಾಡಿದರೆ ಸೊಂಟನೋವಿನ ದೂರೂ ಕಡಿಮೆಯಾಗುತ್ತದೆ.

ಘಟ್ಟದ ರಸ್ತೆಯಲ್ಲಿ ಡೆಡ್ ಪೆಡಲಿನ ಬೆಲೆ ಸರಿಯಾಗಿ ತಿಳಿಯುತ್ತದೆ. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ. ತಿರುವಿನಲ್ಲಿ ದೇಹ ಹೊರಕ್ಕೆ ವಾಲುತ್ತದೆ. ಎಡಗಾಲು ಗಟ್ಟಿಯಾದ ಒರಗಿಗೆ ಒತ್ತಿಕೊಂಡಿದ್ದರೆ ಸೊಂಟ ಸೀಟಿನಲ್ಲಿ ನಿಲ್ಲುತ್ತದೆ, ಕೈಗಳು ಸ್ಟಿಯರಿಂಗ್ ತಿರುಗಿಸುವ ಕೆಲಸವೊಂದನ್ನೇ ಮಾಡುತ್ತವೆ. ಒರಗಿಲ್ಲದವರು ಸ್ಟಿಯರಿಂಗನ್ನೇ ಹಿಡಿದು ನೇತಾಡುತ್ತಾರೆ, ಇಲ್ಲವೇ ಕ್ಲಚ್ಚಿಗೆ ಕಾಲು ಒತ್ತಿ ಆಧಾರ ಹುಡುಕುತ್ತಾರೆ. ಎಂಜಿನ್ ಅತಿ ಹೆಚ್ಚು ಎಳೆಯಬೇಕಾದ ಏರಿನಲ್ಲೇ ಕ್ಲಚ್ಚಿನ ಹಿಡಿತ ಸಡಿಲಗೊಳಿಸಿದಂತಾಯಿತು. ಚಾರ್ಮಾಡಿಯಲ್ಲೋ ಶಿರಾಡಿಯಲ್ಲೋ ಮುಂದಿನ ಗಾಡಿಯಿಂದ ಸುಟ್ಟ ಕ್ಲಚ್ಚಿನ ಘಾಟು ಬರುವುದು ಪ್ರಯಾಣಿಕರಿಗೆ ಹೊಸತಲ್ಲ. ಇಳಿಯುವಾಗ ಕಾಲಿನ ಶಿಸ್ತು ಇನ್ನೂ ಮುಖ್ಯ. ಕ್ಲಚ್ ಒತ್ತಿಕೊಂಡು ಇಳಿದರೆ ಎಂಜಿನ್ನಿನ ತಡೆ ಪೂರ್ತಿ ತಪ್ಪಿ ಎಲ್ಲ ಭಾರವೂ ಬ್ರೇಕಿನ ಮೇಲೆ ಬೀಳುತ್ತದೆ. ಬ್ರೇಕು ಕಾದು ಹಿಡಿತ ಕಳೆದುಕೊಳ್ಳುವುದು ಹೀಗೆಯೇ. ಘಾಟಿ ಇಳಿಯುವ ಅನುಭವಿ ಚಾಲಕರು ತಿರುವಿಗೆ ಮೊದಲೇ ಎರಡನೆಯ ಗೇರಿಗೆ ಬಂದು, ಕ್ಲಚ್ ಬಿಟ್ಟು, ಎಂಜಿನ್ನಿನ ಹಿಡಿತದಲ್ಲೇ ಗಾಡಿ ಇಳಿಸುತ್ತಾರೆ.

ನಗರದ ಕಷ್ಟ ಬೇರೆ ಬಗೆಯದು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತು ಸರಿದು, ಸರಿದು ನಿಂತು ಸಾಗುವಾಗ ಕಾಲು ತೆಗೆಯಿರಿ ಎನ್ನುವುದು ಸುಲಭ, ತೆಗೆಯುವುದು ಕಷ್ಟ. ಅಲ್ಲಿ ಕ್ಲಚ್ ಸವೆಸುವುದು ಹಾಫ್ ಕ್ಲಚ್. ಪ್ಲೇಟು ಹಿಡಿದೂ ಹಿಡಿಯದ ಆ ಬಿಂದುವಿನಲ್ಲಿ ಕಾರನ್ನು ತೇಲಿಸುತ್ತ ಹೋಗುವ ಬದಲು ಮುಂದಿನ ಗಾಡಿಗೂ ನಿಮಗೂ ನಡುವೆ ಸ್ವಲ್ಪ ಜಾಗ ಬಿಡಿ. ಆ ಜಾಗ ದೊಡ್ಡದಾದ ಮೇಲೆ ಮೊದಲ ಗೇರಿನಲ್ಲಿ ಕ್ಲಚ್ ಪೂರ್ತಿ ಬಿಟ್ಟು ಸಾಗಿ, ಮತ್ತೆ ನಿಂತು ನ್ಯೂಟ್ರಲ್ ಮಾಡಿ. ಜಾಗ ಬಿಟ್ಟರೆ ಬೈಕಿನವರು ನುಗ್ಗುತ್ತಾರೆ, ನಿಜ. ನುಗ್ಗಲಿ, ಕ್ಲಚ್ ಪ್ಲೇಟಿನ ಖರ್ಚು ಅವರು ಕೊಡುವುದಿಲ್ಲ. ಸಿಗ್ನಲ್ಲಿನಲ್ಲಿ ಮೊದಲ ಗೇರು ಹಾಕಿ ಕ್ಲಚ್ ಒತ್ತಿಕೊಂಡೇ ಕಾಯುವುದೂ ತಪ್ಪು. ಅಷ್ಟು ಹೊತ್ತೂ ಬೇರಿಂಗ್ ಪೂರ್ತಿ ಭಾರದಲ್ಲಿ ತಿರುಗುತ್ತದೆ, ಮಂಡಿಯೂ ದಣಿಯುತ್ತದೆ. ಫ್ಲೈಓವರಿನ ಏರಿನಲ್ಲಿ ನಿಂತರೆ ಹ್ಯಾಂಡ್‌ಬ್ರೇಕ್ ಎಳೆಯಿರಿ. ಹಾಫ್ ಕ್ಲಚ್ಚಿನಲ್ಲಿ ಕಾರನ್ನು ಹಿಡಿದು ನಿಲ್ಲಿಸುವುದು ಚಾಲನೆಯ ಜಾಣತನವೆಂದು ಹಲವರು ನಂಬಿದ್ದಾರೆ. ಪ್ಲೇಟು ಬೇಗ ಸುಡಲು ಅದಕ್ಕಿಂತ ನೇರವಾದ ದಾರಿಯಿಲ್ಲ.

‘ಕಾಲು ಕ್ಲಚ್ ಮೇಲಿರದಿದ್ದರೆ ಅವಸರಕ್ಕೆ ಹೇಗೆ?’ ಎಂಬ ಭಯ ಹೊಸಬರಲ್ಲಿ ಸಹಜ. ಅವಸರದಲ್ಲಿ ಕಾರು ನಿಲ್ಲಿಸುವುದು ಬ್ರೇಕ್, ಕ್ಲಚ್ ಅಲ್ಲ. ಬಲಗಾಲು ಬ್ರೇಕ್ ಒತ್ತುತ್ತಿರುವಾಗಲೇ ಎಡಗಾಲು ಪಕ್ಕದಿಂದ ಬಂದು ಕ್ಲಚ್ ಮುಟ್ಟಲು ಬೇಕಾದಷ್ಟು ಸಮಯವಿರುತ್ತದೆ. ಒಂದು ವೇಳೆ ಮುಟ್ಟದೆ ಎಂಜಿನ್ ಆಫ್ ಆದರೂ ಆಗುವ ನಷ್ಟವೆಂದರೆ ಮತ್ತೆ ಸ್ಟಾರ್ಟ್ ಮಾಡುವುದು. 2019ರ ಏಪ್ರಿಲ್‌ನಿಂದ ದೇಶದಲ್ಲಿ ಮಾರಾಟವಾಗುವ ಹೊಸ ಕಾರುಗಳಿಗೆಲ್ಲ, ಬ್ರೇಕ್ ಜೋರಾಗಿ ಒತ್ತಿದಾಗಲೂ ಚಕ್ರಗಳು ಕಚ್ಚಿಕೊಳ್ಳದಂತೆ ನೋಡಿಕೊಳ್ಳುವ ಎಬಿಎಸ್ ಕಡ್ಡಾಯವಾಗಿದೆ. ಇಂಥ ಕಾರಿನಲ್ಲಿ ಬ್ರೇಕನ್ನು ಜೋರಾಗಿ ಒತ್ತಿ ಹಿಡಿದು ಸ್ಟಿಯರಿಂಗ್ ತಿರುಗಿಸುವುದೇ ಮೊದಲ ಕೆಲಸ. ಇನ್ನೊಂದು ವಿಷಯ: ಕ್ರೂಸ್ ಕಂಟ್ರೋಲ್ ಇರುವ ಮ್ಯಾನುಯಲ್ ಕಾರುಗಳಲ್ಲಿ ಕ್ಲಚ್ ಪೆಡಲ್‌ಗೆ ಒಂದು ಸ್ವಿಚ್ಚಿರುತ್ತದೆ. ಪೆಡಲ್ ತುಸು ಒಳಹೋದರೆ ಕ್ರೂಸ್ ತಾನಾಗಿ ಬಿಟ್ಟುಕೊಳ್ಳುತ್ತದೆ. ಕ್ರೂಸ್ ಪದೇ ಪದೇ ಕಡಿಯುತ್ತಿದ್ದರೆ ಸರ್ವಿಸ್ ಸೆಂಟರಿಗೆ ಹೋಗುವ ಮೊದಲು ಎಡಗಾಲು ಎಲ್ಲಿದೆಯೆಂದು ನೋಡಿಕೊಳ್ಳಬೇಕು.

ಕ್ಲಚ್ ಪೆಡಲ್ಲೇ ಇಲ್ಲದ ಕಾರುಗಳಲ್ಲಿ ಎಡಗಾಲಿಗೆ ಪೂರ್ತಿ ರಜೆ. 2014ರಲ್ಲಿ ಮಾರುತಿ ಸೆಲೆರಿಯೊ ಎಎಂಟಿ ಗೇರ್‌ಬಾಕ್ಸಿನೊಂದಿಗೆ ಬಂದ ಮೇಲೆ ಸಣ್ಣ ಕಾರಿನವರಿಗೂ ಆಟೊಮ್ಯಾಟಿಕ್ ಕೈಗೆಟುಕಿತು. 2020ರಲ್ಲಿ ಹ್ಯುಂಡೈ ವೆನ್ಯೂ ಕ್ಲಚ್ ಪೆಡಲ್ ತೆಗೆದು ಗೇರು ಲಿವರ್ ಮಾತ್ರ ಉಳಿಸಿದ ಐಎಂಟಿ ತಂದಿತು. ಎಲೆಕ್ಟ್ರಿಕ್ ಕಾರುಗಳಂತೂ ಇವೆ. ವರ್ಷಗಟ್ಟಲೆ ಮ್ಯಾನುಯಲ್ ಓಡಿಸಿ ಇವಕ್ಕೆ ಬಂದವರ ಎಡಗಾಲು ಮೊದಲ ದಿನಗಳಲ್ಲಿ ಕ್ಲಚ್ ಹುಡುಕುತ್ತ ಹೋಗಿ ಅಗಲವಾದ ಬ್ರೇಕ್ ಪೆಡಲನ್ನು ಕ್ಲಚ್ಚಿನಂತೆಯೇ ತಳಮುಟ್ಟ ತುಳಿಯುತ್ತದೆ. ಕಾರು ಗಕ್ಕನೆ ನಿಲ್ಲುತ್ತದೆ, ಹಿಂದಿನವರು ಬಂದು ಗುದ್ದುತ್ತಾರೆ. ಬ್ರೇಕ್, ಆಕ್ಸಿಲರೇಟರ್ ಎರಡೂ ಬಲಗಾಲಿನವೇ. ಎಡಗಾಲು ಡೆಡ್ ಪೆಡಲ್ ಮೇಲೆ, ಇಲ್ಲವೇ ಹಿಂದಕ್ಕೆಳೆದು ನೆಲದ ಮೇಲಿರಬೇಕು. ರ್‍ಯಾಲಿ ಚಾಲಕರು ಎಡಗಾಲಿನಲ್ಲಿ ಬ್ರೇಕ್ ಹಾಕುವುದನ್ನು ನೋಡಿ ಅನುಕರಿಸುವವರಿದ್ದಾರೆ. ಅದು ದೀರ್ಘ ತರಬೇತಿಯಿಂದ ಬಂದ ಕೌಶಲ, ಮಾರುಕಟ್ಟೆ ರಸ್ತೆಗೆ ತಕ್ಕದ್ದಲ್ಲ. ಎಎಂಟಿ ಮಾಲೀಕರು ನೆನಪಿಡಬೇಕಾದ ಮಾತೂ ಇದೆ: ಪೆಡಲ್ ಇಲ್ಲದಿದ್ದರೂ ಒಳಗೆ ಕ್ಲಚ್ ಪ್ಲೇಟು ಇದ್ದೇ ಇದೆ. ಏರಿನಲ್ಲಿ ಬ್ರೇಕ್ ಹಾಕದೆ ಆಕ್ಸಿಲರೇಟರ್ ಒತ್ತಿ ಕಾರು ನಿಲ್ಲಿಸಿಕೊಂಡರೆ ಅದೂ ಸುಡುತ್ತದೆ.

ಹೊರಗಿನ ಅಂಗಡಿಗಳಲ್ಲಿ ಡೆಡ್ ಪೆಡಲ್ ಸಿಗುತ್ತದೆ. ಕಂಪನಿಯವರದೇ ಬಿಡಿಭಾಗವಾಗಿ ಸಿಕ್ಕರೆ ಮೊದಲ ಆಯ್ಕೆ ಅದೇ ಆಗಲಿ. ಎಲ್ಲ ಕಾರಿಗೂ ಹೊಂದುತ್ತದೆಂದು ಮಾರುವುದನ್ನು ಕೊಳ್ಳುವ ಮುನ್ನ ಕಾರಿನಲ್ಲಿಟ್ಟು ನೋಡಿ: ಕ್ಲಚ್ ತಳಮುಟ್ಟ ಹೋಗುವಾಗ ಶೂಸು ಹಾಕಿದ ಪಾದಕ್ಕೆ ಅದು ತಗಲಬಾರದು. ಗಟ್ಟಿಯಾಗಿ ಬೋಲ್ಟಿನಲ್ಲಿ ಕೂರಬೇಕು, ಅಂಟಿನ ಟೇಪಿನಲ್ಲಿ ನಿಂತದ್ದು ಬಿಸಿಲಿಗೆ ಕಳಚಿ ಪೆಡಲ್ ಕೆಳಗೆ ಸೇರಬಹುದು. ನೆಲಕ್ಕೆ ರಂಧ್ರ ಕೊರೆಸುವ ಮೊದಲು ಕಾರ್ಪೆಟ್ ಎತ್ತಿಸಿ ಅಲ್ಲಿ ವೈರಿಂಗ್ ಹಾದುಹೋಗಿದೆಯೇ ನೋಡಬೇಕು.

ಪೆಡಲ್ ಬಳಿಯ ಸಡಿಲ ವಸ್ತು ಎಂಥ ಅನಾಹುತ ತರಬಹುದೆಂಬುದಕ್ಕೆ ಅಮೆರಿಕದ ಉದಾಹರಣೆ ಇದೆ. 2009ರ ಆಗಸ್ಟ್‌ನಲ್ಲಿ ಸ್ಯಾನ್ ಡಿಯಾಗೊ ಬಳಿ ಲೆಕ್ಸಸ್ ಕಾರೊಂದರ ಆಕ್ಸಿಲರೇಟರ್ ಪೆಡಲ್ ನೆಲದ ಮ್ಯಾಟಿಗೆ ಸಿಕ್ಕಿಕೊಂಡು ನಾಲ್ವರು ಸತ್ತರು. ಆಮೇಲೆ ಟೊಯೊಟಾ ಮ್ಯಾಟಿನ ಕಾರಣಕ್ಕೆ ಲಕ್ಷಗಟ್ಟಲೆ ಕಾರುಗಳನ್ನು ಹಿಂದಕ್ಕೆ ಕರೆಸಿತು. ಒಂದರ ಮೇಲೊಂದು ಮ್ಯಾಟು ಹಾಕಬೇಡಿ, ನೀರಿನ ಬಾಟಲಿಯನ್ನು ಚಾಲಕನ ಕಾಲ ಬಳಿ ಉರುಳಲು ಬಿಡಬೇಡಿ. ಹವಾಯಿ ಚಪ್ಪಲಿ ಹಾಕಿ ಓಡಿಸುವವರು ಅದು ಪೆಡಲ್ ನಡುವೆ ಮಡಚಿಕೊಳ್ಳುವುದನ್ನು ಒಂದಲ್ಲ ಒಂದು ದಿನ ಕಾಣುತ್ತಾರೆ.

ಕ್ಲಚ್ ಈಗಾಗಲೇ ಸೊರಗಿದೆಯೇ ಎಂದು ನೀವೇ ಅಂದಾಜಿಸಬಹುದು. ಸಮತಟ್ಟಾದ ಖಾಲಿ ರಸ್ತೆಯಲ್ಲಿ, ಗಂಟೆಗೆ 50 ಕಿ.ಮೀ. ಆಸುಪಾಸು, ನಾಲ್ಕನೆಯ ಗೇರಿನಲ್ಲಿ ಆಕ್ಸಿಲರೇಟರನ್ನು ಜೋರಾಗಿ ಒತ್ತಿ. ಎಂಜಿನ್ನಿನ ಸದ್ದೂ ಆರ್‌ಪಿಎಂ ಮುಳ್ಳೂ ಒಮ್ಮೆಲೇ ಮೇಲೇರಿ ವೇಗ ಹಿಂದುಳಿದರೆ ಪ್ಲೇಟು ಜಾರುತ್ತಿದೆ. ಪೆಡಲ್ ಬಹಳ ಮೇಲೆ ಬಂದ ಮೇಲಷ್ಟೇ ಗಾಡಿ ಎಳೆಯತೊಡಗಿದರೂ, ಪೆಡಲ್ ಮೊದಲಿಗಿಂತ ಗಟ್ಟಿಯಾಗಿದ್ದರೂ ತೋರಿಸುವುದು ಒಳ್ಳೆಯದು. ಕ್ಲಚ್ ಒತ್ತಿದಾಗ ಮಾತ್ರ ಕಿರ್ರೆಂಬ ಸದ್ದು ಬಂದು ಬಿಟ್ಟಾಗ ನಿಂತರೆ ಸಾಮಾನ್ಯವಾಗಿ ರಿಲೀಸ್ ಬೇರಿಂಗಿನ ದೋಷ. ಒತ್ತಿದಾಗ ನಿಂತು ಬಿಟ್ಟಾಗ ಬರುವ ಸದ್ದು ಗೇರ್‌ಬಾಕ್ಸಿನ ಬೇರಿಂಗಿನದಿರಬಹುದು. ಈ ವ್ಯತ್ಯಾಸವನ್ನು ಮೆಕ್ಯಾನಿಕ್‌ಗೆ ಸರಿಯಾಗಿ ಹೇಳಿದರೆ ಅವರ ಅರ್ಧ ಕೆಲಸ ಹಗುರ.

ಕ್ಲಚ್ ಮೇಲೆ ಕಾಲಿಡುವ ಅಭ್ಯಾಸ ಹುಟ್ಟುವುದು ಬಹುಮಟ್ಟಿಗೆ ಕಲಿಯುವ ದಿನಗಳಲ್ಲಿ. ಕಲಿಯುವವರು ಗಾಡಿ ಆಫ್ ಮಾಡಬಾರದೆಂದು ‘ಕ್ಲಚ್ ಮೇಲೆ ಕಾಲಿರಲಿ’ ಎನ್ನುತ್ತಾರೆ ತರಬೇತುದಾರರು. ಮೊದಲ ಒಂದೆರಡು ದಿನಕ್ಕೆ ಅದು ಸರಿ. ಗೇರು ಕೈಹಿಡಿದ ಮೇಲೆ ‘ಇನ್ನು ಕಾಲು ತೆಗಿ, ಪಕ್ಕಕ್ಕಿಡು’ ಎಂದು ಅದೇ ತರಬೇತುದಾರರು ಹೇಳಿಕೊಡಬೇಕು. ಎರಡು ವಾರ ಜ್ಞಾಪಿಸಿದರೆ ಕಾಲು ತಾನಾಗಿ ಕಲಿಯುತ್ತದೆ. ಈಗಾಗಲೇ ರೂಢಿ ಬಿದ್ದವರು ಪಕ್ಕದ ಸೀಟಿನವರಿಗೆ ಹೇಳಿ ನೆನಪಿಸಿಕೊಳ್ಳಬಹುದು.

ಹೊಸ ಕಾರು ಕೊಳ್ಳುವವರು ಟೆಸ್ಟ್ ಡ್ರೈವಿನಲ್ಲಿ ಟಚ್‌ಸ್ಕ್ರೀನಿಗಿಂತ ಮೊದಲು ಕೆಳಗೆ ನೋಡಲಿ. ತಮ್ಮ ಎತ್ತರಕ್ಕೆ ಸೀಟು ಹೊಂದಿಸಿಕೊಂಡು, ದಿನನಿತ್ಯ ಹಾಕುವ ಶೂಸಿನಲ್ಲೇ ಎಡಪಾದವನ್ನು ಕ್ಲಚ್ಚಿನಿಂದ ಪಕ್ಕಕ್ಕಿಟ್ಟು ತೆಗೆದು ನಾಲ್ಕಾರು ಸಲ ಪರೀಕ್ಷಿಸಲಿ. ಒಂದೇ ಮಾದರಿಯ ದುಬಾರಿ ಆವೃತ್ತಿಯಲ್ಲಿ ಡೆಡ್ ಪೆಡಲ್ ಇದ್ದು ಅಗ್ಗದ್ದರಲ್ಲಿ ಇಲ್ಲದಿರುವುದೂ ಉಂಟು, ಆದ್ದರಿಂದ ಕೊಳ್ಳಲಿರುವ ಆವೃತ್ತಿಯಲ್ಲೇ ಕೂತು ನೋಡಬೇಕು. ಇಲ್ಲದಿದ್ದರೆ ಏಕಿಲ್ಲವೆಂದು ಶೋರೂಮಿನವರನ್ನು ಕೇಳಿ, ಹಾಕಿಸಿಕೊಡುವಂತೆ ಒತ್ತಾಯಿಸಿ.